ನಿಮ್ಹಾನ್ಸ್‌ನ ವೈದ್ಯ ಪರಂಪರೆ: ಮನಸ್ಸು, ಮಿದುಳು, ನರಗಳ ತಜ್ಞರು

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯನ್ನು ನಾಡಿನ ಜನರು ‘ನಿಮ್ಹಾನ್ಸ್’ ಎಂದೇ ಬಲ್ಲರು. ಹಳ್ಳಿಗಳಲ್ಲಿ ಅದಕ್ಕೆ ‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆಸರು ಇನ್ನೂ ಪೂರ್ತಿ ಅಳಿದಿಲ್ಲ. ಈ ಒಂದು ಮಾತಿನಿಂದ ಆಗಿರುವ ಹಾನಿ ಅಲ್ಪವಲ್ಲ. ಮೂರ್ಛೆರೋಗವಿರುವ ಮಗುವನ್ನು, ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರನ್ನು, ಹೆರಿಗೆಯ ಬಳಿಕ ತೀವ್ರ ತಲೆನೋವಿನಿಂದ ನರಳುವ ಬಾಣಂತಿಯನ್ನು ಅಲ್ಲಿಗೆ ಕರೆದೊಯ್ಯಲು ಮನೆಯವರು ಹಿಂಜರಿಯುತ್ತಾರೆ. ಯಾರಾದರೂ ನೋಡಿದರೆ ಮನೆತನಕ್ಕೆ ಕುಂದು ಬಂದೀತೆಂಬ ಅಳುಕು. ಆ ಹಿಂಜರಿಕೆಯಲ್ಲಿ ಕಳೆದ ದಿನಗಳೇ ಅನೇಕ ವೇಳೆ ರೋಗಿಯ ಮುಂದಿನ ಬದುಕನ್ನು ನಿರ್ಧರಿಸಿಬಿಡುತ್ತವೆ. ಆದ್ದರಿಂದ ಈ ಸಂಸ್ಥೆಯಲ್ಲಿ ಎಂತಹ ವೈದ್ಯರಿದ್ದಾರೆ, ಅವರ ತಜ್ಞತೆ ಯಾವುದು, ಅದು ರೂಪುಗೊಂಡದ್ದು ಹೇಗೆ ಎಂಬುದನ್ನು ಸದ್ಭಕ್ತರ ಅವಗಾಹನೆಗಾಗಿ ಇಲ್ಲಿ ಸಂಗ್ರಹಿಸಲಾಗಿದೆ.

ಸಂಸ್ಥೆಯ ಹಿನ್ನೆಲೆ

ಇದರ ಬೇರು 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮನೋರೋಗಿಗಳ ಆಶ್ರಯಾಲಯದಲ್ಲಿದೆ. 1925ರಲ್ಲಿ ಮೈಸೂರು ಸಂಸ್ಥಾನವು ಅದನ್ನು ‘ಮಾನಸಿಕ ಆಸ್ಪತ್ರೆ’ ಎಂದು ಮರುನಾಮಕರಣ ಮಾಡಿತು. ಕೂಡಿಹಾಕುವ ಸ್ಥಳವೆಂಬ ಭಾವನೆ ಅಳಿದು ಚಿಕಿತ್ಸೆಯ ಸ್ಥಳವೆಂಬ ಭಾವನೆ ಬರಲೆಂಬುದು ಅದರ ಆಶಯ. 1937ರಲ್ಲಿ ಆಸ್ಪತ್ರೆಯು ಲಕ್ಕಸಂದ್ರದ ವಿಶಾಲ ಆವರಣಕ್ಕೆ ಬಂದಿತು. ಸ್ವಾತಂತ್ರ್ಯಪೂರ್ವದಲ್ಲಿ ಭೋರ್ ಸಮಿತಿಯು 1946ರ ತನ್ನ ವರದಿಯಲ್ಲಿ ಮನೋವೈದ್ಯರ ತರಬೇತಿಗೆ ವಿಶೇಷ ವ್ಯವಸ್ಥೆ ಬೇಕೆಂದು ಹೇಳಿತ್ತು. ಅದರ ಫಲವಾಗಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇದೇ ಆವರಣದಲ್ಲಿ ಸ್ಥಾಪನೆಯಾಯಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಉದಯಿಸಿತು. 1994ರಲ್ಲಿ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ ದೊರೆಯಿತು. 2012ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಅಂಗೀಕರಿಸಿತು.

ಬೋಧಕ ಆಸ್ಪತ್ರೆಯ ವೈದ್ಯರಾಗುವ ದಾರಿ

ಸಾಮಾನ್ಯ ಆಸ್ಪತ್ರೆಯ ವೈದ್ಯರ ಕರ್ತವ್ಯ ಚಿಕಿತ್ಸೆ. ಬೋಧಕ ಆಸ್ಪತ್ರೆಯ ವೈದ್ಯರಿಗೆ ಚಿಕಿತ್ಸೆ, ಬೋಧನೆ, ಸಂಶೋಧನೆ ಎಂಬ ಮೂರು ಹೊಣೆಗಳು. ಹೊರರೋಗಿ ವಿಭಾಗದಲ್ಲಿ ಒಬ್ಬ ರೋಗಿಯನ್ನು ಮೊದಲು ಕಿರಿಯ ವೈದ್ಯರು ವಿಚಾರಿಸಿ, ಅದೇ ಕಥೆಯನ್ನು ಮತ್ತೆ ಹಿರಿಯರ ಮುಂದೆ ಹೇಳಿಸುವುದನ್ನು ಕಂಡು ಬೇಸರಪಡುವವರುಂಟು. ಅದು ಅಲಕ್ಷ್ಯವಲ್ಲ, ಕಲಿಕೆಯ ಕ್ರಮ. ಎರಡು ಮೂರು ಜೋಡಿ ಕಣ್ಣುಗಳು ನೋಡುವುದರಿಂದ ರೋಗಿಗೂ ಲಾಭವೇ.

ಎಂ.ಬಿ.ಬಿ.ಎಸ್. ಪದವಿಯ ನಂತರ ಮೂರು ವರ್ಷ ಎಂ.ಡಿ. ಅಭ್ಯಾಸ ಮಾಡಿದವರು ಮನೋವೈದ್ಯರಾಗುತ್ತಾರೆ. ನರರೋಗ ತಜ್ಞರಾಗಲು ಸಾಮಾನ್ಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಪಡೆದು, ಮತ್ತೆ ಮೂರು ವರ್ಷ ಡಿ.ಎಂ. ಓದಬೇಕು. ನರಶಸ್ತ್ರಚಿಕಿತ್ಸಕರಿಗೆ ಎಂ.ಎಸ್. ಆದ ಮೇಲೆ ಎಂ.ಸಿಎಚ್. ಅಗತ್ಯ. ಬಳಿಕ ಹಿರಿಯ ನಿವಾಸಿ ವೈದ್ಯ, ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಹೆಚ್ಚುವರಿ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂಬ ಮೆಟ್ಟಿಲುಗಳು. ಪ್ರಾಧ್ಯಾಪಕರಾಗುವ ಹೊತ್ತಿಗೆ ತಲೆ ನರೆತಿರುತ್ತದೆ. ಇಲ್ಲಿನ ಬೋಧಕ ವೈದ್ಯರು ಖಾಸಗಿಯಾಗಿ ವೈದ್ಯವೃತ್ತಿ ನಡೆಸುವಂತಿಲ್ಲ. ಹೊರಗಿನ ದೊಡ್ಡ ಆಸ್ಪತ್ರೆಗಳ ಆದಾಯವನ್ನು ಬದಿಗಿಟ್ಟು ಇಲ್ಲಿ ಉಳಿದವರ ತ್ಯಾಗವನ್ನು ಸ್ಮರಿಸಲೇಬೇಕು.

ಸಾರ್ವಜನಿಕರಲ್ಲಿ ಒಂದು ಗೊಂದಲ ವ್ಯಾಪಕವಾಗಿದೆ. ಮನೋವೈದ್ಯರು ವೈದ್ಯಪದವೀಧರರು, ಔಷಧ ಬರೆಯುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರದಲ್ಲಿ ಉನ್ನತ ತರಬೇತಿ ಪಡೆದು ಮನೋಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ನಡೆಸುವವರು. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ರೋಗಿಯ ಮನೆ, ಉದ್ಯೋಗ, ದಾಂಪತ್ಯದ ಸಮಸ್ಯೆಗಳನ್ನು ಬಿಡಿಸುವವರು. ನರರೋಗ ತಜ್ಞರು ಇವರೆಲ್ಲರಿಂದ ಬೇರೆ: ಮೂರ್ಛೆ, ಪಾರ್ಶ್ವವಾಯು, ನಡುಕ, ಸ್ನಾಯುಕ್ಷಯ, ಮಿದುಳುಜ್ವರ ಅವರ ಕ್ಷೇತ್ರ. ‘ನರದ ದೌರ್ಬಲ್ಯ’ ಎಂಬ ಆಡುಮಾತನ್ನು ನಂಬಿ ಖಿನ್ನತೆಯ ರೋಗಿಯನ್ನು ನರರೋಗ ತಜ್ಞರ ಸಾಲಿನಲ್ಲಿ ನಿಲ್ಲಿಸುವುದು ನಿತ್ಯ ಕಾಣುವ ಸಂಗತಿ.

ಆದ್ಯರು

ಡಾ. ಎಂ.ವಿ. ಗೋವಿಂದಸ್ವಾಮಿ ಅವರು ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದು, 1954ರ ಸಂಸ್ಥೆಯ ಮೊದಲ ನಿರ್ದೇಶಕರಾದವರು. ಪಾಶ್ಚಾತ್ಯ ಮನೋವೈದ್ಯಶಾಸ್ತ್ರ ಮತ್ತು ಭಾರತೀಯ ದರ್ಶನಗಳೆರಡರಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಚಿಕಿತ್ಸೆಯನ್ನು 1940ರ ದಶಕದಲ್ಲಿ ಭಾರತದ ರೋಗಿಗಳಿಗೆ ಮಾಡಿಸಿ, ಅದರ ಫಲಿತಾಂಶಗಳನ್ನು ಪ್ರಕಟಿಸಿದವರಲ್ಲಿ ಅವರು ಮೊದಲಿಗರು. ಇಂದು ಆ ಕ್ರಮ ಕೈಬಿಟ್ಟುಹೋಗಿದೆ. ಸ್ಕಿಜೋಫ್ರೀನಿಯಾಕ್ಕೆ ಪರಿಣಾಮಕಾರಿ ಔಷಧವೇ ಇಲ್ಲದ ಕಾಲದಲ್ಲಿ, ಜೀವನಪರ್ಯಂತ ಕೋಣೆಯಲ್ಲಿ ಕೊಳೆಯುವ ರೋಗಿಗೆ ಏನಾದರೂ ಮಾಡಬೇಕೆಂಬ ತಹತಹ ಅದರ ಹಿಂದಿತ್ತೆಂಬುದನ್ನು ನೆನೆದು ಆ ಪ್ರಯತ್ನವನ್ನು ಅಳೆಯಬೇಕು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಮಾತ್ರೆ ಬಂದ ಮೇಲೆ ಮನೋವೈದ್ಯದ ಸ್ವರೂಪವೇ ಬದಲಾಯಿತು.

ಡಾ. ಆರ್.ಎಂ. ವರ್ಮ ಅವರು ಕರ್ನಾಟಕಕ್ಕೆ ನರಶಸ್ತ್ರಚಿಕಿತ್ಸೆಯನ್ನು ತಂದವರು. ಪಾರ್ಕಿನ್ಸನ್ ಕಾಯಿಲೆಯ ನಡುಕಕ್ಕೆ ಆಗ ಮಿದುಳಿನ ಆಳದ ಒಂದು ಸಣ್ಣ ಭಾಗವನ್ನು ನಿಷ್ಕ್ರಿಯಗೊಳಿಸುವ ಶಸ್ತ್ರಚಿಕಿತ್ಸೆ ರೂಢಿಯಲ್ಲಿತ್ತು. ಅದಕ್ಕೆ ತಲೆಗೆ ತೊಡಿಸುವ ದುಬಾರಿ ಚೌಕಟ್ಟಿನ ಉಪಕರಣ ಬೇಕು, ತಲೆಬುರುಡೆಯಲ್ಲಿ ರಂಧ್ರ ಕೊರೆಯಬೇಕು. ವರ್ಮ ಅವರು ಕೆನ್ನೆಯ ಬದಿಯಿಂದ ಸೂಜಿ ಸೇರಿಸಿ, ತಲೆಬುರುಡೆಯ ತಳದಲ್ಲಿ ಪ್ರಕೃತಿಯೇ ಇಟ್ಟಿರುವ ಅಂಡಾಕಾರದ ಕಿಂಡಿಯ ಮೂಲಕ ಆ ಜಾಗವನ್ನು ತಲುಪುವ ವಿಧಾನವನ್ನು ರೂಪಿಸಿದರು. ಸ್ಥಳೀಯ ಅರಿವಳಿಕೆಯಷ್ಟೇ ಸಾಕು. ಬಡ ದೇಶದ ಆಸ್ಪತ್ರೆಗೆ ಹೊಂದುವ ಈ ಜಾಣ್ಮೆ ‘ವರ್ಮ ವಿಧಾನ’ ಎಂದೇ ಹೆಸರಾಯಿತು. ಲೆವೊಡೋಪಾ ಮಾತ್ರೆ ಬಂದ ಬಳಿಕ ಇಂತಹ ಶಸ್ತ್ರಚಿಕಿತ್ಸೆಗಳ ಅಗತ್ಯ ತಗ್ಗಿತು. ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರೂ ಆದ ಅವರಿಗೆ 1972ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಬಿಸಿನೀರಿನ ಮೂರ್ಛೆ

ದಕ್ಷಿಣ ಕರ್ನಾಟಕದಲ್ಲಿ, ವಿಶೇಷವಾಗಿ ಮೈಸೂರು, ಮಂಡ್ಯ ಸೀಮೆಗಳಲ್ಲಿ, ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಮಾತ್ರ ಬರುವ ಒಂದು ವಿಚಿತ್ರ ಮೂರ್ಛೆಯಿದೆ. ಹಂಡೆಯ ನೀರನ್ನು ಚೊಂಬಿನಿಂದ ಒಂದರ ಮೇಲೊಂದರಂತೆ ಸುರಿದುಕೊಳ್ಳುತ್ತಿರುವ ಹುಡುಗ ಇದ್ದಕ್ಕಿದ್ದಂತೆ ದಿಟ್ಟಿಸಿ ನೋಡುತ್ತಾನೆ, ಹೆದರುತ್ತಾನೆ, ಸಂಬಂಧವಿಲ್ಲದ ಮಾತಾಡುತ್ತಾನೆ. ಕೆಲವೊಮ್ಮೆ ಕೈಕಾಲು ಸೆಟೆದು ಬೀಳುತ್ತಾನೆ. ಬಚ್ಚಲುಮನೆಯಲ್ಲಿ ಗಾಳಿ ಸೋಕಿತೆಂದು ಮನೆಯವರು ತಾಯಿತ ಕಟ್ಟಿಸುತ್ತಾರೆ. ನರರೋಗ ವಿಭಾಗವನ್ನು ಆರಂಭದಲ್ಲಿ ಕಟ್ಟಿ ಬೆಳೆಸಿದ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇಂತಹ ರೋಗಿಗಳನ್ನು ಕೂಡಿಸಿ ಅಭ್ಯಸಿಸಿ, 1970ರ ದಶಕದ ಆರಂಭದಲ್ಲಿ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. ಅವರ ನಂತರ ಇದನ್ನು ಮುಂದುವರಿಸಿದವರು ಡಾ. ಪಿ. ಸತೀಶ್‌ಚಂದ್ರ. 1988ರಲ್ಲಿ ಅವರ ತಂಡ 279 ರೋಗಿಗಳ ವಿವರಗಳನ್ನು ಪ್ರಕಟಿಸಿತು. ಒಂದೇ ಬಗೆಯ ಅಪರೂಪದ ಮೂರ್ಛೆಯ ಬಗ್ಗೆ ಇಷ್ಟು ದೊಡ್ಡ ಸಂಖ್ಯೆ ಬೇರೆಡೆ ಸಿಗುವುದು ದುರ್ಲಭ. ಸತೀಶ್‌ಚಂದ್ರ ಅವರೂ ಮುಂದೆ ಸಂಸ್ಥೆಯ ನಿರ್ದೇಶಕರಾದರು.

ಇದರ ಪರಿಹಾರ ಸರಳ. ತಲೆಗೆ ಉಗುರುಬೆಚ್ಚಗಿನ ನೀರನ್ನಷ್ಟೇ ಹಾಕಬೇಕು, ನಿಧಾನವಾಗಿ ಹಾಕಬೇಕು. ಅದರಿಂದ ನಿಲ್ಲದವರಿಗೆ ತಲೆಸ್ನಾನದ ದಿನ ಮುಂಚಿತವಾಗಿ ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಸೂಚಿಸುತ್ತಾರೆ. ಕೆಲವರಲ್ಲಿ ಸ್ನಾನದ ಹೊರಗೂ ಮೂರ್ಛೆ ಕಾಣಿಸಿಕೊಳ್ಳುತ್ತದೆ, ಅಂಥವರಿಗೆ ನಿತ್ಯದ ಔಷಧ ಬೇಕಾಗುತ್ತದೆ. ಹಂಡೆಯ ಬಿಸಿನೀರಿನ ಎಣ್ಣೆಸ್ನಾನವನ್ನು ಬಲ್ಲ ನಾಡಿನಲ್ಲಿಯೇ ಅದರ ರೋಗವನ್ನೂ ಗುರುತಿಸುವ ವೈದ್ಯರು ಹುಟ್ಟಿದ್ದು ಸಹಜವೇ ಸರಿ. ಪರದೇಶದ ಗ್ರಂಥ ನೋಡಿ ಕಲಿತವರಿಗೆ ಇದು ಹೊಳೆಯುತ್ತಿರಲಿಲ್ಲ.

ಮಣಿ ಅವರ ಇನ್ನೊಂದು ಕಾರ್ಯ ಚಾಮರಾಜನಗರ ಜಿಲ್ಲೆಯ ಯಳಂದೂರಿನದು. ಅಗ್ಗದ ಫಿನೊಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಮಾತ್ರೆಯಿಂದಲೇ ಹಳ್ಳಿಗಳ ಮೂರ್ಛೆರೋಗಿಗಳನ್ನು ಊರಲ್ಲೇ ನಿಯಂತ್ರಣದಲ್ಲಿಡಬಹುದೆಂದು ಅವರ ತಂಡ ವರ್ಷಗಟ್ಟಲೆ ಅನುಸರಿಸಿ ತೋರಿಸಿತು. 2001ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಇದರ ಮಹತ್ವ ಅರಿಯಲು ಮತ್ತೊಂದು ಅಂಕಿಯನ್ನು ನೋಡಬೇಕು. ಡಾ. ಎಂ. ಗೌರಿದೇವಿ ಅವರ ನೇತೃತ್ವದಲ್ಲಿ ಬೆಂಗಳೂರು ನಗರ ಮತ್ತು ಸುತ್ತಣ ಹಳ್ಳಿಗಳ ಒಂದು ಲಕ್ಷಕ್ಕೂ ಮಿಕ್ಕಿದ ಜನರ ಸಮೀಕ್ಷೆ ನಡೆದಾಗ, ಮೂರ್ಛೆರೋಗವು ಸಾವಿರಕ್ಕೆ ಸುಮಾರು 9 ಮಂದಿಯಲ್ಲಿ ಕಂಡಿತು. ಹಳ್ಳಿಗಳಲ್ಲಿ ಅದು ನಗರದ ಎರಡರಷ್ಟಿತ್ತು. ತಜ್ಞರು ಇರುವುದು ನಗರದಲ್ಲಿ, ರೋಗ ಹೆಚ್ಚಿರುವುದು ಹಳ್ಳಿಯಲ್ಲಿ.

ಸರಿಯಾದ ಹೆಸರಿನ ಬೆಲೆ

1990ರ ದಶಕದಲ್ಲಿ ನಿರ್ದೇಶಕರಾಗಿದ್ದ ಗೌರಿದೇವಿ ಅವರ ವಿಶೇಷ ಕ್ಷೇತ್ರ ನರ ಮತ್ತು ಸ್ನಾಯುಗಳ ಕ್ಷಯ. ಹರೆಯದ ಹುಡುಗನೊಬ್ಬನ ಒಂದು ಕೈ ಅಥವಾ ಒಂದು ಕಾಲು ಸದ್ದಿಲ್ಲದೆ ಸೊರಗತೊಡಗುತ್ತದೆ. ಇದನ್ನು ಮಾರಕವಾದ ಮೋಟಾರ್ ನ್ಯೂರಾನ್ ಕಾಯಿಲೆಯೆಂದು ಭಾವಿಸಿದರೆ ಮನೆಯೇ ಕುಸಿದಂತೆ. ಒಂದೇ ಅಂಗಕ್ಕೆ ಸೀಮಿತವಾಗಿ, ಕೆಲವು ವರ್ಷ ಮುಂದುವರಿದು ತಾನಾಗಿಯೇ ನಿಂತುಬಿಡುವ ಈ ರೋಗಕ್ಕೆ 1984ರಲ್ಲಿ ಅವರು ಸಹೋದ್ಯೋಗಿಗಳೊಡನೆ ‘ಮೊನೊಮೆಲಿಕ್ ಅಮಯೋಟ್ರೋಫಿ’ ಎಂಬ ಹೆಸರಿತ್ತು ವಿವರಿಸಿದರು. ಮಾತ್ರೆ ಕೊಡುವುದಕ್ಕೆ ಮೊದಲು ರೋಗಕ್ಕೆ ನಿಜವಾದ ಹೆಸರು ಕೊಡುವುದೇ ಇಲ್ಲಿ ದೊಡ್ಡ ಉಪಕಾರವಾಯಿತು.

ಮತ್ತೊಬ್ಬ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಅಧ್ಯಯನ ಬಾಣಂತಿಯರಿಗೆ ಸಂಬಂಧಿಸಿದ್ದು. ಹೆರಿಗೆಯಾದ ಕೆಲವೇ ದಿನ ವಾರಗಳಲ್ಲಿ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ ತಲೆನೋವು, ವಾಂತಿ, ಮೂರ್ಛೆ, ಒಂದು ಪಾರ್ಶ್ವದ ಬಲಹೀನತೆ ತೋರುವ ಕಾಯಿಲೆ ನಮ್ಮಲ್ಲಿ ಅಪರೂಪವಲ್ಲ. ಹೆರಿಗೆಯ ನಂತರ ರಕ್ತದ ಹೆಪ್ಪುಗಟ್ಟುವ ಗುಣ ಸಹಜವಾಗಿ ಹೆಚ್ಚಿರುತ್ತದೆ. ಪಥ್ಯದ ಹೆಸರಿನಲ್ಲಿ ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯೂ ಅದಕ್ಕೆ ಜೊತೆಯಾದರೆ ಅಪಾಯ ಹೆಚ್ಚುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ. ಬೇಗ ಗುರುತಿಸಿ ಹೆಪಾರಿನ್ ಚಿಕಿತ್ಸೆ ಆರಂಭಿಸಿದರೆ ಬಹುಪಾಲು ತಾಯಂದಿರು ಚೇತರಿಸಿಕೊಳ್ಳುತ್ತಾರೆ. ಬಾಣಂತಿಯ ಮೂರ್ಛೆಯನ್ನು ‘ಸನ್ನಿ’ ಎಂದು ಮನೆಯಲ್ಲಿಯೇ ಮುಚ್ಚಿಟ್ಟರೆ ಎಳೆಗೂಸು ತಾಯಿಯನ್ನು ಕಳೆದುಕೊಳ್ಳುತ್ತದೆ. ಮನೆಯ ಹಿರಿಯ ತಾಯಂದಿರು ಇದನ್ನು ಅವಶ್ಯ ಗಮನಿಸಬೇಕು.

ಹೆರಿಗೆಯ ಬಳಿಕ ಬರುವ ಮನೋರೋಗ ಇದಕ್ಕಿಂತ ಭಿನ್ನ. ಅದಕ್ಕಾಗಿ ಡಾ. ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ ತಾಯಿ ಮತ್ತು ಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕ ರೂಪುಗೊಂಡಿತು.

ರೋಗಿಯ ಮುಂದೆ ಕಾಣಿಸಿಕೊಳ್ಳದ ತಜ್ಞರೂ ಇದ್ದಾರೆ. ನರರೋಗನಿದಾನ ಶಾಸ್ತ್ರದ ಡಾ. ಎಸ್.ಕೆ. ಶಂಕರ್ ಅವರು 1995ರಲ್ಲಿ ಮಾನವ ಮಿದುಳಿನ ಬ್ಯಾಂಕನ್ನು ಕಟ್ಟಿದರು. ದಾನವಾಗಿ ಬಂದ ಮಿದುಳುಗಳು ಅಲ್ಲಿ ಸಂಶೋಧನೆಗಾಗಿ ಸಂರಕ್ಷಿತವಾಗಿವೆ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಶಾಲಾಮಕ್ಕಳೂ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ನೇತ್ರದಾನ, ದೇಹದಾನಗಳ ಬಗ್ಗೆ ನಾಡಿನಲ್ಲಿ ತಕ್ಕಮಟ್ಟಿಗೆ ಅರಿವಿದ್ದರೂ ಮಿದುಳುದಾನದ ಬಗ್ಗೆ ಕೇಳಿದವರೇ ವಿರಳ. ನರವೈರಾಣು ವಿಭಾಗದಲ್ಲಿ ಡಾ. ಎಸ್.ಎನ್. ಮಧುಸೂದನ ಅವರು ರೇಬೀಸ್ ಅಧ್ಯಯನಕ್ಕೆ ತಮ್ಮ ವೃತ್ತಿಜೀವನವನ್ನು ಮುಡಿಪಿಟ್ಟರು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಬಹುತೇಕ ಇಲ್ಲ. ನಾಯಿ ಕಚ್ಚಿದೊಡನೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಅಂದೇ ಲಸಿಕೆ ಆರಂಭಿಸುವುದೊಂದೇ ರಕ್ಷಣೆ.

ಹಳ್ಳಿಗೆ ಇಳಿದ ಮನೋವೈದ್ಯರು

ಡಾ. ಆರ್.ಎಲ್. ಕಪೂರ್ ಅವರ ಜೀವನ ಈ ಪರಂಪರೆಯಲ್ಲಿಯೇ ವಿಶಿಷ್ಟವಾದುದು. ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಅವರು ಬ್ರಿಟನ್ನಿನ ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಅವರೊಡನೆ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂದಿತು. ಹಳ್ಳಿಗರು ಮನಸ್ಸಿನ ತೊಂದರೆಗೆ ಯಾರ ಬಳಿ ಹೋಗುತ್ತಾರೆಂಬುದನ್ನೂ ಅವರು ಪರಿಶೀಲಿಸಿದರು. ನಾಡವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳು, ಇವರೆಲ್ಲರ ಜೊತೆಗೆ ಆಧುನಿಕ ವೈದ್ಯರ ಬಳಿಗೂ ಒಂದೇ ಕುಟುಂಬ ಹೋಗುತ್ತಿತ್ತು. ಜನರಿಗೆ ಇವುಗಳ ನಡುವೆ ವಿರೋಧ ಕಾಣುತ್ತಿರಲಿಲ್ಲ. ಕಪೂರ್ ಅವರು ಹಳ್ಳಿಗರನ್ನು ಅಜ್ಞಾನಿಗಳೆಂದು ಹಳಿಯದೆ, ಈ ಸ್ಥಿತಿಯನ್ನು ಅರಿತೇ ಸೇವೆಯನ್ನು ರೂಪಿಸಬೇಕೆಂದರು. ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕವನ್ನು ಕಟ್ಟಿದ ಶ್ರೇಯಸ್ಸು ಅವರದು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೂ ಆರಂಭವಾಯಿತು. ಜೀವನದ ಉತ್ತರಾರ್ಧದಲ್ಲಿ ಅವರು ಸಾಧು ಸಂನ್ಯಾಸಿಗಳನ್ನು ಕಂಡು ಮಾತನಾಡಿ ಬರೆದ ಗ್ರಂಥ ಅವರ ನಿಧನಾನಂತರ ಪ್ರಕಟವಾಯಿತು. ವೈರಾಗ್ಯವನ್ನು ರೋಗವೆಂದು ತಳ್ಳಿಹಾಕದೆ ಜಿಜ್ಞಾಸೆಯಿಂದ ನೋಡಿದ ಮನೋವೈದ್ಯರು ವಿರಳ.

ಆ ದಾರಿಯಲ್ಲಿ ಮುಂದೆ ನಡೆದವರು ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ.ಆರ್. ಚಂದ್ರಶೇಖರ್ ಮೊದಲಾದವರು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗ ಮತ್ತು ಮೂರ್ಛೆಗಳ ಔಷಧವನ್ನು ಅಲ್ಲಿಯೇ ದೊರೆಯುವಂತೆ ಮಾಡಲಾಯಿತು. ರೋಗಿ ಬೆಂಗಳೂರಿಗೆ ಬರುವುದನ್ನು ತಪ್ಪಿಸಿದ ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಚಂದ್ರಶೇಖರ್ ಅವರು ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದು, ಖಿನ್ನತೆ, ಮದ್ಯವ್ಯಸನ, ಮಕ್ಕಳ ಕಲಿಕೆಯ ತೊಡಕುಗಳನ್ನು ಮನೆಮಾತಿನಲ್ಲಿ ತಿಳಿಯಹೇಳಿದವರು. ಅವರಿಗೆ 2024ರಲ್ಲಿ ಪದ್ಮಶ್ರೀ ದೊರೆಯಿತು. ವಿದ್ಯುತ್ ಕಂಪನ ಚಿಕಿತ್ಸೆ ಮತ್ತು ಯೋಗ ಇವೆರಡನ್ನೂ ವೈಜ್ಞಾನಿಕ ಪರೀಕ್ಷೆಗೆ ಒಡ್ಡಿದ ಡಾ. ಬಿ.ಎನ್. ಗಂಗಾಧರ್ ಅವರು 2020ರಲ್ಲಿ ಅದೇ ಗೌರವ ಪಡೆದರು.

ದೇವಸ್ಥಾನ, ಮಠ, ದರ್ಗಾಗಳಿಗೆ ಮನೋರೋಗಿಗಳನ್ನು ಕರೆತರುವುದು ಇಂದಿಗೂ ಉಂಟು. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇಗುಲದಲ್ಲಿ ತಂಗಿದ್ದ 31 ರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಮಾಡಿದರು. ಆರಾಮವಾದ, ಭಯವಿಲ್ಲದ ಆ ಪರಿಸರದಲ್ಲಿ ರೋಗಲಕ್ಷಣಗಳು ಸುಮಾರು ಐದನೆಯ ಒಂದು ಭಾಗದಷ್ಟು ತಗ್ಗಿದ್ದವು. ಇದಕ್ಕೆ ತದ್ವಿರುದ್ಧವಾದ ನೆನಪು ಅದೇ ತಮಿಳುನಾಡಿನ ಎರವಾಡಿಯದು. 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಿಂದ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಆಶ್ರಯ ನೀಡುವವರು ಎಷ್ಟೇ ಶ್ರದ್ಧಾವಂತರಾದರೂ ಸರಪಳಿಗೆ ಸಮರ್ಥನೆಯಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಪೂಜೆಯ ಜೊತೆ ಮಾತ್ರೆಯನ್ನು ನಿಲ್ಲಿಸದಂತೆ ನೋಡಿಕೊಂಡರೆ ಶ್ರದ್ಧಾಕೇಂದ್ರಗಳೂ ವೈದ್ಯರಿಗೆ ನೆರವಾಗಬಲ್ಲವು.

ಯಾರನ್ನು ಕಾಣಬೇಕು?

ನಿಮ್ಹಾನ್ಸ್ ಮುಂದಾಗಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಎಲ್ಲರೂ ಬೆಂಗಳೂರಿಗೇ ಬರಬೇಕಿಲ್ಲ, ಬಂದರೆ ಸಂಸ್ಥೆ ತಾಳಲಾರದು. ಖಿನ್ನತೆ, ಆತಂಕ, ಮದ್ಯವ್ಯಸನ, ನಿಯಂತ್ರಣದಲ್ಲಿರುವ ಮೂರ್ಛೆಗಳಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೂ ಸಮೀಪದ ವೈದ್ಯಕೀಯ ಕಾಲೇಜೂ ಸಾಕು. ಔಷಧಕ್ಕೆ ಬಗ್ಗದ ಮೂರ್ಛೆ, ಮಿದುಳಿನ ಗಡ್ಡೆ, ಕಾರಣ ತಿಳಿಯದ ಸ್ನಾಯುಕ್ಷಯ, ಬಾಣಂತಿಯ ಮಿದುಳಿನ ತೊಂದರೆ, ಎಳೆಯ ಮಕ್ಕಳ ಗಂಭೀರ ಮನೋರೋಗ ಇವುಗಳಿಗೆ ಅಲ್ಲಿನ ವಿಶೇಷ ವಿಭಾಗಗಳು ಬೇಕು. ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ, ವ್ಯಸನಮುಕ್ತಿ, ವೃದ್ಧರ ಮನೋವೈದ್ಯ ಇವು ಈಗ ಪ್ರತ್ಯೇಕ ತಜ್ಞತೆಗಳಾಗಿವೆ. ಪಾರ್ಶ್ವವಾಯು ಮತ್ತು ತಲೆಯ ಪೆಟ್ಟಿನಲ್ಲಿ ಮಾತ್ರ ದೂರದ ದೊಡ್ಡ ಹೆಸರಿಗಿಂತ ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಯೇ ಮೇಲು, ಏಕೆಂದರೆ ಪಾರ್ಶ್ವವಾಯುವಿನ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಮನಸ್ಸಿನ ತೊಂದರೆಗೆ ಮೊದಲ ಸಲಹೆಯನ್ನು ಮನೆಯಿಂದಲೇ ಪಡೆಯಲು ‘ಟೆಲಿ ಮಾನಸ್’ ಎಂಬ ಉಚಿತ ಸರ್ಕಾರಿ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಸಂಖ್ಯೆ 14416, ಹಗಲಿರುಳೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು. ನಿಮ್ಹಾನ್ಸ್‌ಗೆ ಹೋಗುವವರು ಹಿಂದಿನ ಔಷಧ ಚೀಟಿಗಳು, ಸ್ಕ್ಯಾನ್ ಫಿಲ್ಮ್‌ಗಳು, ಈಗ ಸೇವಿಸುತ್ತಿರುವ ಮಾತ್ರೆಗಳ ಹಾಳೆಗಳು ಇವನ್ನು ತಪ್ಪದೆ ಒಯ್ಯಬೇಕು. ರೋಗಿಯ ಜೊತೆ ದಿನವೂ ಇರುವ ಒಬ್ಬರು ಸಂಗಡ ಹೋಗಬೇಕು. ಮೂರ್ಛೆಯಾದರೆ, ಸಾಧ್ಯವಿದ್ದಲ್ಲಿ, ಅದು ಬಂದಾಗಿನ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋದರೆ ನರರೋಗ ತಜ್ಞರಿಗೆ ಅರ್ಧ ಕೆಲಸ ಸುಲಭವಾಗುತ್ತದೆ.